ಚಂದ್ರನ ಮೇಲೆ ಇಳಿಸಿದವರಿಗೆ ಏನು ಕೊಟ್ರು?

ಶಿರಾಳಕೊಪ್ಪ ದಾಟಿ ಆನವಟ್ಟಿ ಕಡೆಗೆ ಹೊರಟರೆ ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ತಾಲ್ಲೂಕು ಶುರುವಾದದ್ದು ಗೊತ್ತೇ ಆಗುವುದಿಲ್ಲ. ಅದೇ ಮೆಕ್ಕೆಜೋಳ, ಅದೇ ಎಳೆ ಅಡಿಕೆ ತೋಟ, ಅದೇ ಕೆರೆ ಏರಿ. ಅಲ್ಲೊಂದು ಹೊಲದ ಬದುವಿನಲ್ಲಿ ಎದೆಮಟ್ಟದ ಕಲ್ಲೊಂದು ವಾಲಿಕೊಂಡು ನಿಂತಿದೆ. ನಾನು ಹೋದ ದಿನ ಅದಕ್ಕೆ ಎಮ್ಮೆ ಕಟ್ಟಿದ್ದರು.

ಎಮ್ಮೆಯನ್ನು ಅತ್ತ ಸರಿಸಿದರೆ ಕಲ್ಲು ಮೂರು ಅಂತಸ್ತಿನದು. ಕೆಳಗಿನ ಅಂತಸ್ತು ಅರ್ಧ ಮಣ್ಣೊಳಗೆ. ಕಾಣುವಷ್ಟರಲ್ಲಿ ಒಬ್ಬ ಕತ್ತಿ ಎತ್ತಿದ್ದಾನೆ, ಅವನ ಹಿಂದೆ ದನಗಳ ಕೊಂಬು. ನಡುವೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜಾರಿ. ಇನ್ನೂ ಮೇಲೆ, ಎರಡು ಮೂಲೆಗಳಲ್ಲಿ, ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಬಾಲಚಂದ್ರ.

ಹೊಲದ ಯಜಮಾನರು ಎಪ್ಪತ್ತು ದಾಟಿದವರು. "ಫೋಟೊ ತಗಳ್ರಿ, ಚಪ್ಲಿ ಆಚೆ ಬಿಡ್ರಿ" ಅಂದರು. ಅವರ ಬಾಯಲ್ಲಿ ಅದು ವೀರಗಲ್ಲಲ್ಲ, ಈರಗಲ್ಲು. "ದನ ಬಿಡಿಸ್ಕಂಡು ಬರಾಕೆ ಹೋಗಿ ಸತ್ತೋನು. ಸೂರ್ಯ ಚಂದ್ರ ಇರಾ ತನಕ ಇರ್ಲಿ ಅಂತ ಕಲ್ಲು ನಿಲ್ಸಿದಾರೆ" ಎಂದು ಹೇಳಿ, ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಲ್ರಿ, ನಮ್ಮೋರು ಚಂದ್ರನ ಮೇಲೆ ಇಳಿಸಿದ್ರಲ್ಲ, ಅವ್ರಿಗೆ ಏನು ಕೊಟ್ರು ಸರ್ಕಾರದೋರು?"

ಒಂದು ಪದಕ, ಒಂದು ಪತ್ರ ಅಂದೆ. ಅಷ್ಟು ಚಿಕ್ಕ ಉತ್ತರಕ್ಕೆ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಎಂದು ಹುಡುಕಲು ಕೂತದ್ದು ಮನೆಗೆ ಬಂದ ಮೇಲೆ.

ಪ್ರಶಸ್ತಿ ಎಂಬ ಮಾತು ನಮ್ಮ ಶಾಸನಗಳಲ್ಲಿ ಹೊಗಳಿಕೆಯ ಪದ್ಯಭಾಗಕ್ಕೆ ಸಲ್ಲುತ್ತಿತ್ತು. ಕೈಗೆ ಸಿಗುವ ವಸ್ತುವಿಗೆ ಕನ್ನಡದ್ದೇ ಮಾತಿತ್ತು, ಕೊಡಗೆ. ಊರಿಗಾಗಿ ಸತ್ತವನ ಮನೆಯವರಿಗೆ ಬಿಟ್ಟ ನೆಲ ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ ಬಿಟ್ಟದ್ದು ಕಟ್ಟುಗೊಡಗೆ. ಒಂದು ಸಾಹಸಕ್ಕೆ, ಒಂದು ಕೆಲಸಕ್ಕೆ. ಎರಡೂ ಕಲ್ಲಿನ ಮೇಲೆ, ಎರಡೂ ಆಚಂದ್ರಾರ್ಕ. ನೆಲ ಅಳೆಯಲು ಇದೇ ಸೀಮೆಯ ಬಳ್ಳಿಗಾವಿಯಲ್ಲಿ ಭೇರುಂಡಗಳೆ ಎಂಬ ಅಳತೆಗೋಲೇ ಇತ್ತು. 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬ ಈಗಲೂ ಅಲ್ಲಿದೆ.

ಈ ಕೊಡುವ ಕೆಲಸಕ್ಕೆ ಮುಹೂರ್ತ ಆಕಾಶದ್ದು. ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಾಂತಿ, ವ್ಯತೀಪಾತ. ಕಾಲು ತೊಳೆದು, ಧಾರೆ ಎರೆದು, ಕೊಟ್ಟ ದಿನದ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಬರೆದಿಡುತ್ತಿದ್ದರು. ಬಿ.ಎಲ್. ರೈಸ್ ಇವನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾಕ್ಕೆ ಇಳಿಸಿದರು. ಶಿಕಾರಿಪುರದವು 1902ರ ಏಳನೇ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ನೂರು ವರ್ಷ ಇತಿಹಾಸದವರು ಮಾತ್ರ ತಿರುವಿ ಹಾಕುತ್ತಿದ್ದ ಈ ಪುಟಗಳನ್ನು ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರ ಜೊತೆ ಕೂತು ಖಗೋಳದ ಕಣ್ಣಿನಿಂದ ಓದಿದರು. 2016ರಲ್ಲಿ ಪುಸ್ತಕವಾಯಿತು. ಸೂರ್ಯಗ್ರಹಣ ಅಮಾವಾಸ್ಯೆಗೇ ಬರಬೇಕು, ಚಂದ್ರಗ್ರಹಣ ಹುಣ್ಣಿಮೆಗೇ ಬರಬೇಕು. ಹಾಗಾಗಿ ಕಲ್ಲಿನ ಮೇಲಿನ ತಿಥಿ ವಾರಗಳನ್ನು ಲೆಕ್ಕ ಹಾಕಿ ಸರಿಯೋ ತಪ್ಪೋ ನೋಡಬಹುದು. ಇಂಥ ಹಳೇ ಗ್ರಹಣಗಳ ದಾಖಲೆಯಿಂದಲೇ ಭೂಮಿಯ ತಿರುಗಾಟ ನಿಧಾನವಾಗುತ್ತಿರುವುದನ್ನು ಅಳೆದಿದ್ದಾರೆ. ಶತಮಾನಕ್ಕೆ ದಿನವೊಂದು ಎರಡು ಮಿಲಿಸೆಕೆಂಡಿಗೂ ಕಡಿಮೆ ಉದ್ದವಾಗುತ್ತದಂತೆ. ದಾನ ಬರೆದುಕೊಂಡ ಸೇನಬೋವನಿಗೆ ಇದು ತಿಳಿದಿದ್ದರೆ ಕೂಲಿ ಹೆಚ್ಚು ಕೇಳುತ್ತಿದ್ದನೋ ಏನೋ.

ಈಗ 1975ಕ್ಕೆ ಹಾರುತ್ತೇನೆ. ಮಧ್ಯದಲ್ಲಿ ಹೇಳುವಂಥದ್ದೇನೂ ಇಲ್ಲವೆಂದಲ್ಲ, ನನ್ನ ಕಥೆಗೆ ಬೇಕಾದ ಮನುಷ್ಯ ಅಲ್ಲಿ ನಿಂತಿದ್ದಾರೆ.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಹುಡುಗರನ್ನು ಕಟ್ಟಿಕೊಂಡು 360 ಕಿಲೋ ತೂಕದ ಆರ್ಯಭಟವನ್ನು ಮಾಡಿದರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಉಪಗ್ರಹವನ್ನು ಕಣ್ಣಾರೆ ಕಂಡವರಲ್ಲ. ಬೆಂಗಳೂರಿನಲ್ಲಿ ಸಂಕೇತ ಹಿಡಿಯಲು ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಕೇಂದ್ರ ಮಾಡಿಕೊಂಡರೆಂದು ರಾವ್ ಅವರೇ ನಗುತ್ತ ಹೇಳುತ್ತಿದ್ದರು. ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹಾರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಆದರೂ ಮರುವರ್ಷ ರಾವ್ ಅವರಿಗೆ ಪದ್ಮಭೂಷಣ ಬಂತು. ಪದ್ಮವಿಭೂಷಣ ಬರಲು 2017 ಆಗಬೇಕಾಯಿತು, ನಲವತ್ತೊಂದು ವರ್ಷ. ಅದೇ ಜುಲೈನಲ್ಲಿ ಅವರು ತೀರಿಕೊಂಡರು. ಸರ್ಕಾರದ ಕಡತ ನಿಧಾನ ಅನ್ನುವುದು ಹೊಸ ದೂರೇನಲ್ಲ, ಆದರೂ ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆರ್ಯಭಟಕ್ಕೆ ಸಿಕ್ಕ ನಿಜವಾದ ಗೌರವ ಬೇರೆಯೇ ಇತ್ತು. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಬಂತು. ಶಿರಾಳಕೊಪ್ಪದ ಸಂತೆಯಲ್ಲಿ ಮೆಣಸಿನಕಾಯಿ ವಾಸನೆ ಹಿಡಿದು, ನಾಲ್ಕಾಗಿ ಮಡಚಿ, ಹೆಂಗಸರ ಎಲೆ ಅಡಿಕೆ ಚೀಲದೊಳಗೆ ಉಪಗ್ರಹ ಓಡಾಡಿತು. ಬಾಲ್ಯದಲ್ಲಿ ಅದನ್ನು ನಾನು ಬಹಳ ಕಾಲ ಯಾವುದೋ ವಜ್ರ ಅಂದುಕೊಂಡಿದ್ದೆ.

ಅದೇ ಹೊತ್ತಿನಲ್ಲಿ ಗುಜರಾತಿನಲ್ಲಿ ಒಂದು ವಿಚಿತ್ರ ನಡೆದಿತ್ತು. ನಡಿಯಾದಿನ ಹರಿ ಓಂ ಆಶ್ರಮದ ಪೂಜ್ಯ ಮೋಟಾ ಎಂಬ ಸಾಧು ಭಕ್ತರು ಕೊಟ್ಟ ಹಣವನ್ನು ಗುಡಿ ಕಟ್ಟಲು ಬಳಸದೆ ವಿಜ್ಞಾನದ ಬಹುಮಾನಗಳಿಗೆ ತೆಗೆದಿಟ್ಟರು. ಅಹಮದಾಬಾದಿನ ಭೌತ ಸಂಶೋಧನಾಲಯ ವಿಕ್ರಮ್ ಸಾರಾಭಾಯಿ ಹೆಸರಿನಲ್ಲಿ ಕೊಡುತ್ತ ಬಂದ ಪ್ರಶಸ್ತಿಯ ಹೆಸರಿನ ಮುಂದೆ ಆ ಆಶ್ರಮದ ಹೆಸರಿದೆ. ಬಾಹ್ಯಾಕಾಶದ ಯುವ ವಿಜ್ಞಾನಿಗೆ ಸಾಧುವಿನ ಗಂಟಿನಿಂದ ಕೊಡಗೆ! ಬಳ್ಳಿಗಾವಿಯ ಕೋಡಿಯ ಮಠದವರಿಗೆ ಇದು ಆಶ್ಚರ್ಯವಾಗುತ್ತಿರಲಿಲ್ಲ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದರೆಂದು 1162ರ ಶಾಸನ ಪಟ್ಟಿ ಮಾಡುತ್ತದೆ.

ಇನ್ನೊಂದು ಪ್ರಸಂಗ ನೇರ ಈರಗಲ್ಲಿನ ವಂಶದ್ದು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಸೋಯುಜ್ ನೌಕೆಯಲ್ಲಿ ಹೋಗಿ ಸಲ್ಯೂತ್ 7ರಲ್ಲಿ ಇದ್ದು ಎಂಟು ದಿನಕ್ಕೆ ತುಸು ಮೊದಲೇ ಮರಳಿದರು. ಇವರಿಗೆ ಏನು ಕೊಡುವುದು? ವಿಜ್ಞಾನಿಯಲ್ಲ, ವಾಯುಸೇನೆಯ ಪೈಲಟ್. ಕೊಟ್ಟದ್ದು ಅಶೋಕ ಚಕ್ರ, ಯುದ್ಧವಿಲ್ಲದ ಕಾಲದ ಅತಿ ದೊಡ್ಡ ಶೌರ್ಯ ಪ್ರಶಸ್ತಿ. ಜೊತೆಗೆ ಹಾರಿದ ಮಾಲಿಷೆವ್ ಮತ್ತು ಸ್ತ್ರೆಕಾಲೊವ್ ಎಂಬಿಬ್ಬರು ಸೋವಿಯತ್ ಗಗನಯಾತ್ರಿಗಳಿಗೂ ಅದನ್ನೇ ಕೊಟ್ಟರು. ದೆಹಲಿಯಲ್ಲಿ ಈ ಕಡತಕ್ಕೆ ರುಜು ಹಾಕಿದವರು ಸೊರಬದ ವೀರಗಲ್ಲು ನೋಡಿರಲಿಕ್ಕಿಲ್ಲ. ಆದರೂ ವರ್ಗ ಸರಿಯಾಗಿಯೇ ಸಿಕ್ಕಿತ್ತು: ಜೀವ ಪಣಕ್ಕಿಟ್ಟವನು, ಮೇಲಕ್ಕೆ ಹೋದವನು. ಒಂದೇ ವ್ಯತ್ಯಾಸ, ನಮ್ಮ ಕಲ್ಲಿನವನು ವಾಪಸ್ಸು ಬರಲಿಲ್ಲ. ನಲವತ್ತೆರಡು ವರ್ಷದ ಮೇಲೆ, 2026ರ ಗಣರಾಜ್ಯೋತ್ಸವದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಶುಭಾಂಶು ಶುಕ್ಲಾ ಅವರಿಗೂ ಅದೇ ಚಕ್ರ. ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯವೂ ಮೇಲೆ ಹೋಗಿ ಮೊಳಕೆ ಒಡೆದು ಬಂದವು.

ಹಾರಿದವರಿಗೆ ಸರಿ. ಕಟ್ಟಿದವರಿಗೆ? ಕಟ್ಟುಗೊಡಗೆ ಎಲ್ಲಿ?

1958ರಿಂದ ನಡೆದುಬಂದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಏಳು ವಿಭಾಗಗಳಲ್ಲಿ ಬಾಹ್ಯಾಕಾಶಕ್ಕೆ ತನ್ನದೇ ಕಲಂ ಇರಲಿಲ್ಲ. ಭೂಮಿ, ಸಾಗರ, ಗ್ರಹಗಳ ಗುಂಪಿನಲ್ಲೋ ಎಂಜಿನಿಯರಿಂಗಿನಲ್ಲೋ ತೂರಿಕೊಳ್ಳಬೇಕಿತ್ತು. ಉಳಿದಂತೆ ಇಲಾಖೆಗೊಂದು, ಅಕಾಡೆಮಿಗೊಂದು, ದತ್ತಿಗೊಂದು ಎಂದು ಪ್ರಶಸ್ತಿಗಳು ಬೆಳೆದವು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ ಇಲಾಖೆಗಳನ್ನೆಲ್ಲ ಕೂರಿಸಿಕೊಂಡು, ಇಷ್ಟೊಂದು ಬೇಡ, ನಿಲ್ಲಿಸಿ, ದೊಡ್ಡದೊಂದು ಮಾಡೋಣ ಅಂದರು. ನೂರಾರು ಪ್ರಶಸ್ತಿಗಳಿಗೆ ಕತ್ತರಿ ಬಿತ್ತು. ವಿಜ್ಞಾನಿಗಳು ಗೊಣಗಿದರು. 2022ರ ಭಟ್ನಾಗರ್ ಪಟ್ಟಿ ಹೊರಬೀಳಲು 2023ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು.

ಕತ್ತರಿಯ ಪರ ನಾನೂ ಸ್ವಲ್ಪ ಇದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನಗಳನ್ನು ನಮ್ಮ ತಾಲ್ಲೂಕು ಭವನಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಆದರೆ ಯಾರೋ ಪುಣ್ಯಾತ್ಮರು ದತ್ತಿಯಾಗಿ ಇಟ್ಟ ಬಹುಮಾನವನ್ನು ಸಭೆಯ ನಡಾವಳಿಯ ಒಂದು ಸಾಲಿನಲ್ಲಿ ನಿಲ್ಲಿಸಬಹುದೇ? ಕೊಟ್ಟ ದಾನವನ್ನು ಅಳಿದವನಿಗೆ ಏನಾಗುತ್ತದೆಂದು ಹಳೇ ಶಾಸನಗಳ ಕೊನೆಯಲ್ಲಿ ಶಾಪ ಬರೆದಿರುತ್ತದೆ. ಆ ಭಾಗವನ್ನು ಅಧಿಕಾರಿಗಳು ಓದುವುದಿಲ್ಲ.

ಹೊಸ ಪ್ರಶಸ್ತಿಯ ವಿವರ ಬರುವಷ್ಟರಲ್ಲಿ ಚಂದ್ರಯಾನ 3 ಎಲ್ಲ ಲೆಕ್ಕ ಬದಲಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಮುಗ್ಗರಿಸಿದ ಲ್ಯಾಂಡರನ್ನು ಅದೇ ಜನ ತಿದ್ದಿ ಗಟ್ಟಿ ಮಾಡಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಾವಲಿನಲ್ಲಿ ಚಂದ್ರನ ಗುಳಿಗಳನ್ನೇ ತೋಡಿ, ಅವುಗಳ ಮೇಲೆ ಸಾಧನಗಳನ್ನು ಹಾರಿಸಿ, ಇಳಿಯುವ ಜಾಗ ಗುರುತಿಸುವುದನ್ನು ಕಲಿಸಿದರು. 2023ರ ಆಗಸ್ಟ್ 23, ಸಂಜೆ ಆರು ಗಂಟೆ ನಾಲ್ಕು ನಿಮಿಷ. ಆಮೇಲೆ ಆ ದಿನವೇ ರಾಷ್ಟ್ರೀಯ ಬಾಹ್ಯಾಕಾಶ ದಿನವಾಯಿತು. ರಾಷ್ಟ್ರೀಯ ವಿಜ್ಞಾನ ಪುರಸ್ಕಾರವನ್ನು ವರ್ಷವೂ ಅದೇ ದಿನ ಕೊಡಬೇಕೆಂದು ನಿಯಮ ಮಾಡಿದರು. ಗ್ರಹಣದ ದಿನ ಧಾರೆ ಎರೆಯುತ್ತಿದ್ದ ಊರಿನವನಾದ ನನಗೆ ಇದು ಬಹಳ ಹಿಡಿಸಿತು. ಹದಿಮೂರು ಕ್ಷೇತ್ರಗಳಲ್ಲಿ ಬಾಹ್ಯಾಕಾಶಕ್ಕೂ ಒಂದು ಜಾಗ ಸಿಕ್ಕಿತು. ವಿಜ್ಞಾನ ರತ್ನ, ಶ್ರೀ, ಯುವ ಜೊತೆಗೆ ಹೊಸದೊಂದು ವರ್ಗ, ವಿಜ್ಞಾನ ಟೀಮ್. ನಗದು ಇಲ್ಲ.

ಮೊದಲ ಸಮಾರಂಭ 2024ರ ಆಗಸ್ಟ್ 22ರಂದು ರಾಷ್ಟ್ರಪತಿ ಭವನದಲ್ಲಿ ನಡೆಯಿತು. ದಿನವೊಂದು ಮೊದಲೇ ಆಯಿತು, ಇರಲಿ. ರತ್ನ ಬೆಂಗಳೂರಿನ ಜಿ. ಪದ್ಮನಾಭನ್ ಅವರಿಗೆ. ಟೀಮ್ ಪುರಸ್ಕಾರ ಚಂದ್ರಯಾನ 3 ತಂಡಕ್ಕೆ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಕೈಯಿಂದ ಪಡೆದದ್ದು ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್. ವಿಳುಪ್ಪುರದ ರೈಲ್ವೆ ತಂತ್ರಜ್ಞರ ಮಗ. ಅದಕ್ಕೂ ಹಿಂದಿನ ವರ್ಷ ತಮಿಳುನಾಡು ಸರ್ಕಾರ ಕೊಟ್ಟ 25 ಲಕ್ಷ ರೂಪಾಯಿಯನ್ನು ಅವರು ತಾವು ಓದಿದ ವಿದ್ಯಾಸಂಸ್ಥೆಗಳಿಗೆ ಹಂಚಿಬಿಟ್ಟಿದ್ದರು. ನಮ್ಮ ಸರ್ಕಾರ 2023ರ ರಾಜ್ಯೋತ್ಸವ ಪ್ರಶಸ್ತಿಯನ್ನು ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಅವರಿಗೆ ಕೊಟ್ಟಿತು.

ಟೀಮ್ ಅನ್ನುವುದು ಒಳ್ಳೆಯ ಮಾತು, ಸತ್ಯದ ಮಾತು. ಲ್ಯಾಂಡರಿನ ಕಾಲು ಬೆಸೆದವರಿಂದ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ರಾತ್ರಿ ಪಾಳಿ ಕೂತವರ ತನಕ ಯಾರನ್ನು ಬಿಡುವುದು? ಆದರೆ ಒಂದು ಹಿಂಡು ದನಕ್ಕಾಗಿ ಸತ್ತವನ ಹೆಸರನ್ನೂ ಅವನ ಅಪ್ಪನ ಹೆಸರನ್ನೂ ಕಲ್ಲಿಗೆ ಹಾಕುತ್ತಿದ್ದ ಸೀಮೆ ಇದು. ಬೆಸುಗೆಯವನ ಊರಿನಲ್ಲಿ, ಅವನ ಶಾಲೆಯ ಗೋಡೆಯ ಮೇಲೆ, ಒಂದು ಹಲಗೆಯಾದರೂ ಬೇಡವೇ ಅಂತ ನನ್ನ ತಕರಾರು.

ಮೊನ್ನೆ ಮತ್ತೆ ಆ ಹೊಲಕ್ಕೆ ಹೋಗಿದ್ದೆ. ಇದನ್ನೆಲ್ಲ ಸ್ವಲ್ಪ ಚಿಕ್ಕದು ಮಾಡಿ ಹೇಳಿದೆ. ಯಜಮಾನರು ಕಲ್ಲಿನ ನೆತ್ತಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು. ಚಂದ್ರನ ಗುರುತು ಅವರ ಹೆಬ್ಬೆರಳಿನ ಕೆಳಗಿತ್ತು.

"ಗದ್ದೆ ಗಿದ್ದೆ ಏನೂ ಕೊಡ್ಲಿಲ್ವ?"

"ಇಲ್ಲ ಅಜ್ಜಾ."

"ಎಷ್ಟು ಜನ ಇದ್ರು?"

"ಸಾವಿರದ ಲೆಕ್ಕ."

"ಪದಕ ಒಂದೇ?"

"ಒಂದೇ."

"ಮತ್ತೆ ಅದನ್ನ ಯಾರ ಮನೇಲಿ..." ಅನ್ನುವಷ್ಟರಲ್ಲಿ ಆಚೆ ಬೋರಿನ ಪಂಪು ಗುರ್ ಅಂದಿತು. ತ್ರೀ ಫೇಸ್ ಬಂದಿತ್ತು. ಅಜ್ಜ ಪಂಚೆ ಎತ್ತಿಕಟ್ಟಿ, ಗುದ್ದಲಿ ಹೆಗಲಿಗೆ ಹಾಕಿ, ನೀರು ತಿರುಗಿಸಲು ಓಡಿದರು.