ಬಯಲಿನ ನಿಲಯ: ಹವ್ಯಾಸಿ ಬಾನುಲಿಯ ಒಂದು ಪರಿಚಯ

ಬಾನುಲಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಒಂದೆಡೆ ಹೇಳಿ ಸಾವಿರ ಕಡೆ ಕೇಳಿಸುವ ಪ್ರಸಾರ. ಹವ್ಯಾಸಿ ಬಾನುಲಿಯ ಸ್ವರೂಪವೇ ಬೇರೆ. ಇಲ್ಲಿ ಕೇಳುವವನೇ ಹೇಳುವವನೂ ಹೌದು. ಸರಕಾರದ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಮೊದಲಾಗುವ ಕರೆಹೆಸರನ್ನು ಪಡೆದವನು ತನ್ನಂತಹ ಇನ್ನೊಬ್ಬನೊಡನೆ ಲಾಭಾಪೇಕ್ಷೆಯಿಲ್ಲದೆ ಸಂಭಾಷಿಸುತ್ತಾನೆ. ಇಂಥವರಿಗೆ ‘ಹ್ಯಾಮ್’ ಎಂಬ ಹೆಸರು ರೂಢಿಯಲ್ಲಿದೆ. ಇವರ ಸಂಘಗಳು ಮನೆಯ ಸೌಕರ್ಯವನ್ನು ಬಿಟ್ಟು ಬಯಲಿನಲ್ಲಿ ತಾತ್ಕಾಲಿಕ ನಿಲಯ ಹೂಡುವುದೇಕೆ, ಜೋಗೇಶ್ವರಿಯಂತಹ ಉಪನಗರದ ನಿವಾಸಿಗಳಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಈ ಪದ್ಧತಿಗೆ ‘ಫೀಲ್ಡ್ ಡೇ’ ಎಂದು ಹೆಸರು. ಅಮೆರಿಕದ ಹವ್ಯಾಸಿಗಳ ಸಂಘವು ೧೯೩೩ರಲ್ಲಿ ಇದನ್ನು ಆರಂಭಿಸಿತು. ಪ್ರತಿವರ್ಷ ಜೂನ್ ತಿಂಗಳ ನಾಲ್ಕನೆಯ ವಾರಾಂತ್ಯದಲ್ಲಿ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆದಷ್ಟು ಹೆಚ್ಚು ನಿಲಯಗಳನ್ನು ಸಂಪರ್ಕಿಸಬೇಕು. ಮೇಲ್ನೋಟಕ್ಕೆ ಇದು ಸ್ಪರ್ಧೆ. ವಾಸ್ತವವಾಗಿ, ವಿದ್ಯುತ್ತೂ ದೂರವಾಣಿಯೂ ಕೈಕೊಟ್ಟ ದಿನಕ್ಕಾಗಿ ನಡೆಯುವ ಅಭ್ಯಾಸ. ಆದರೆ ಅವರ ಬೇಸಗೆ ನಮ್ಮ ಬೇಸಗೆಯಲ್ಲ. ಜೂನ್ ಕೊನೆಗೆ ಮುಂಬಯಿಯಲ್ಲಿ ಮಳೆ ಹಿಡಿದಿರುತ್ತದೆ. ಮಳೆಗೆ ಮುಂಚಿನ ಗುಡುಗಿನ ದಿನಗಳಲ್ಲಿಯೂ ಎರಡು ತೊಡಕುಗಳುಂಟು: ಕೆಳಗಿನ ಆವರ್ತನಗಳಲ್ಲಿ ಸಿಡಿಲಿನ ಗರಗರ ಶಬ್ದ ಮಾತನ್ನು ನುಂಗುತ್ತದೆ, ಎತ್ತರಕ್ಕೆ ಕಟ್ಟಿದ ತಂತಿ ಮಿಂಚಿಗೆ ಆಹ್ವಾನವಾಗುತ್ತದೆ. ಆದುದರಿಂದ ಇಲ್ಲಿ ಬಯಲಿಗೆ ಹೊರಡುವವರು ಬೇಸಗೆಯ ಮೊದಲ ಭಾಗವನ್ನು ಆರಿಸಿಕೊಂಡು, ಬೆಳಗಿನ ಹಾಗೂ ಸಂಜೆಯ ಹೊತ್ತನ್ನೇ ನೆಚ್ಚುವುದು ಯುಕ್ತ.

ಬಯಲಿನ ನಿಲಯಕ್ಕೆ ಮುಖ್ಯವಾಗಿ ಬೇಕಾದವು ಮೂರು: ತಂತಿ, ವಿದ್ಯುತ್ತು, ಸ್ಥಳ. ೭ ಮೆಗಾಹರ್ಟ್ಸ್ ಆವರ್ತನಕ್ಕೆ ಸುಮಾರು ೨೦ ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಎರಡು ತೋಳುಗಳಾಗಿ ಮರದಿಂದ ಮರಕ್ಕೆ ಬಿಗಿದರೆ ಸಾಕು. ವಿದ್ಯುತ್ತಿನ ವಿಷಯ ಜಮಾಖರ್ಚಿನ ಲೆಕ್ಕದಂತೆ. ೧೦೦ ವಾಟಿನ ಯಂತ್ರ ಕೇಳುವಾಗ ಸುಮಾರು ೧ ಆಂಪಿಯರ್, ಪೂರ್ಣ ಶಕ್ತಿಯಲ್ಲಿ ಕಳುಹಿಸುವಾಗ ಸುಮಾರು ೨೦ ಆಂಪಿಯರ್ ವ್ಯಯಿಸುತ್ತದೆ. ಗಂಟೆಗೆ ಹತ್ತು ನಿಮಿಷ ಕಳುಹಿಸಿ ಉಳಿದ ಹೊತ್ತು ಕೇಳಿದರೆ, ೪೦ ಆಂಪಿಯರ್-ಗಂಟೆಯ ಬ್ಯಾಟರಿ ಹೆಚ್ಚೆಂದರೆ ಒಂಬತ್ತು ಗಂಟೆ ಬಂದೀತು. ೫ ವಾಟಿನ ಸಣ್ಣ ಯಂತ್ರವಾದರೆ ಅದೇ ಬ್ಯಾಟರಿ ಎರಡು ಹಗಲು ಎರಡು ರಾತ್ರಿ ನಡೆಸುತ್ತದೆ. ಮಿತವ್ಯಯದ ಪಾಠ ಇಲ್ಲಿ ತಾನಾಗಿಯೇ ಲಭಿಸುತ್ತದೆ.

ಸ್ಥಳದ ಆಯ್ಕೆ ಅಲೆಯ ಗುಣವನ್ನು ಅವಲಂಬಿಸಿದೆ. ೧೪೪ ಮೆಗಾಹರ್ಟ್ಸ್‌ನ ಅಲೆ ಬಹುಮಟ್ಟಿಗೆ ದೃಷ್ಟಿಯಂತೆ ನೇರವಾಗಿ ಚಲಿಸುವುದರಿಂದ ಅದಕ್ಕೆ ಎತ್ತರ ಬೇಕು. ನೆರೆಯ ಅಂಧೇರಿಯ ಗಿಲ್ಬರ್ಟ್ ಗುಡ್ಡದಂತಹ ೬೦ ಮೀಟರ್ ಎತ್ತರದಿಂದ, ನಡುವೆ ಅಡ್ಡಿಯಿಲ್ಲದಿದ್ದರೆ, ನೆಲದ ಮಟ್ಟದಲ್ಲಿರುವವನನ್ನು ಸುಮಾರು ೩೦ ಕಿಲೋಮೀಟರ್ ದೂರದವರೆಗೆ ತಲಪಬಹುದು. ೭ ಮೆಗಾಹರ್ಟ್ಸ್‌ನ ಅಲೆಯಾದರೋ ಮೇಲೇರಿ, ಅಯಾನುಮಂಡಲದಿಂದ ಬಾಗಿ, ಹಗಲಿನಲ್ಲಿ ನೂರಾರು ಕಿಲೋಮೀಟರ್ ಆಚೆಗೆ ಇಳಿಯುತ್ತದೆ. ಅದಕ್ಕೆ ಬೆಟ್ಟ ಬೇಡ. ತಂತಿ ಕಟ್ಟಲು ಮರಗಳಿರುವ ತೆರೆದ ಅಂಗಳ ಸಾಕು. ಜೋಗೇಶ್ವರಿಯ ಆರನೆಯ ಶತಮಾನದ ಗುಹಾಲಯವು ಸಂರಕ್ಷಿತ ಸ್ಮಾರಕ. ಅಲ್ಲಿ ತಂತಿ ಬಿಗಿಯುವ ವಿಚಾರ ಸಲ್ಲದು. ಬೇರೆ ಯಾವ ಬಯಲಾದರೂ ಅನುಮತಿಪತ್ರದ ನಿಬಂಧನೆಗಳೂ ಸ್ಥಳದ ಒಡೆಯರ ಒಪ್ಪಿಗೆಯೂ ಅವಶ್ಯಕ.

ಈ ವಿದ್ಯೆ ಕನ್ನಡಿಗರಿಗಾಗಲಿ ಮುಂಬಯಿಗಾಗಲಿ ಅಪರಿಚಿತವಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವಾಟಿನ ಪ್ರೇಷಕದಿಂದ ಪ್ರಸಾರವನ್ನು ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಸಂದಿತು. ಮುಂಬಯಿಯಲ್ಲಿ ೧೯೪೨ರ ಆಗಸ್ಟಿನಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋಗೆ ನೆರವಾದವರಲ್ಲಿ ನರಿಮನ್ ಪ್ರಿಂಟರ್ ಎಂಬ ಹವ್ಯಾಸಿಯೂ ಇದ್ದರು. ಪೋಲೀಸರ ಕಣ್ಣು ತಪ್ಪಿಸಲು ಆ ನಿಲಯ ಮನೆಯಿಂದ ಮನೆಗೆ ಸಾಗುತ್ತ, ನವೆಂಬರ್ ೧೨ರಂದು ಹಿಡಿಯಲ್ಪಡುವವರೆಗೆ ನುಡಿಯಿತು. ಅದರ ೪೨.೩೪ ಮೀಟರಿನ ಅಲೆ ಇಂದಿನ ಲೆಕ್ಕದಲ್ಲಿ ಸುಮಾರು ೭.೦೮ ಮೆಗಾಹರ್ಟ್ಸ್, ಎಂದರೆ ಮೇಲೆ ಹೇಳಿದ ಹವ್ಯಾಸಿಗಳ ಪಟ್ಟಿಯೊಳಗಿನದೇ. ಹೊತ್ತೊಯ್ಯಬಲ್ಲ ನಿಲಯದ ಬೆಲೆ ಈ ನಗರಕ್ಕೆ ಅಂದೇ ತಿಳಿದಿತ್ತು.

ಅದರ ಅಗತ್ಯ ಇಂದೂ ತೀರಿಲ್ಲ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ವೇಳೆಗೆ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳ ತಂಡವೊಂದು, ಇತರ ಸಂಪರ್ಕಗಳು ಕಡಿದುಹೋದಾಗ, ಅಂಡಮಾನಿನ ವರ್ತಮಾನವನ್ನು ಮುಖ್ಯಭೂಮಿಗೆ ಮುಟ್ಟಿಸಿತು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಬಿದ್ದಾಗ ಉಪನಗರಗಳಲ್ಲಿ ರೈಲು ನಿಂತಿತು, ವಿದ್ಯುತ್ತು ಹೋಯಿತು, ದೂರವಾಣಿಗಳು ಮೂಕವಾದವು. ಮನೆ ಸೇರದವರ ಸುದ್ದಿ ತಿಳಿಯದೆ ಇಲ್ಲಿನ ಕುಟುಂಬಗಳೂ, ಇಲ್ಲಿಯವರ ಸುದ್ದಿ ತಿಳಿಯದೆ ಊರಿನ ಬಂಧುಗಳೂ ತಳಮಳಿಸಿದರು. ಧಾರವಾಡ, ಮಂಗಳೂರು, ಬೆಂಗಳೂರುಗಳು ೭ ಮೆಗಾಹರ್ಟ್ಸ್‌ನ ಹಗಲಿನ ವ್ಯಾಪ್ತಿಯೊಳಗೇ ಇವೆ. ವಿಪತ್ಕಾಲದಲ್ಲಿ ಅನ್ಯರ ಸಂದೇಶಗಳನ್ನು ಒಯ್ಯಲು ನಿಯಮಗಳಲ್ಲಿಯೂ ಅವಕಾಶವಿದೆ. ಆದರೆ ನೀರೇರಿದ ದಿನ ಕೊಂಡ ಯಂತ್ರ ಮಾತನಾಡುವುದಿಲ್ಲ. ನಮ್ಮ ಸಂಘಸಂಸ್ಥೆಗಳು ಇಬ್ಬರು ಮೂವರು ತರುಣತರುಣಿಯರನ್ನಾದರೂ ಪರೀಕ್ಷೆಗೆ ಸಿದ್ಧಗೊಳಿಸಿ, ಒಣ ದಿನಗಳಲ್ಲಿಯೇ ಬಯಲಿಗೆ ಕಳುಹಿಸಿದರೆ, ಮಳೆಗಾಲದಲ್ಲಿ ಊರಿಗೂ ಕೇರಿಗೂ ನಡುವೆ ಒಂದು ಧ್ವನಿಯಾದರೂ ಉಳಿದೀತು.