ಇಲ್ಲದ ಊರಿಗೆ ಒಂಟಿ ಸವಾರಿ!

ಭೂಪಟದಲ್ಲೇ ಇಲ್ಲದ ಊರಿಗೆ ಬೈಕಿನಲ್ಲಿ ಹೋಗಿಬಂದೆ ಅಂದ್ರೆ ನಂಬ್ತೀರಾ, ಚಿತ್ರರಸಿಕರೇ? ಜೊತೆಗೆ ಯಾರೂ ಇಲ್ಲ. ನಾನೊಬ್ಬನೇ!

ಬೆಂಗಳೂರು ಬಿಟ್ಟವನು ಮೊದಲು ನಿಂತದ್ದು ಚಿತ್ರದುರ್ಗದಲ್ಲಿ. 1972ರ ‘ನಾಗರಹಾವು’ ನೋಡಿದವರಿಗೆ ಆ ಕೋಟೆಯ ಪರಿಚಯ ಬೇಕೆ? ಓಬವ್ವನ ಕಿಂಡಿಯಲ್ಲಿ ನುಸುಳುವಾಗ ಒನಕೆ ಹಿಡಿದ ಜಯಂತಿ ನೆನಪಾಗಿ ತಲೆ ತಗ್ಗಿಸಿಕೊಂಡೇ ಬಂದೆ!

ಮುಂದೆ, ದಾವಣಗೆರೆಗೆ ಮುಂಚೆ ಆನಗೋಡು. 1990ರ ಸೆಪ್ಟೆಂಬರ್ 30ರಂದು ಕಾರು ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡದ್ದು ಈ ಊರಿನ ಹತ್ತಿರವೇ. ವಯಸ್ಸು ಬರೀ 35! ನಾನು ಹುಟ್ಟುವ ಮೊದಲೇ ಹೋದವರು. ಆದರೂ ನಮ್ಮಪ್ಪನ ಆಟೋದ ಹಿಂದೆ ದಿನಾ ನೋಡಿ ಬೆಳೆದ ಮುಖ ಅದು. ಹೆಲ್ಮೆಟ್ ತೆಗೆದು ನಿಂತೆ. ಲಾರಿಗಳು ಭರ್ರನೆ ಹೋಗ್ತಾನೇ ಇದ್ದವು...

ಶಿವಮೊಗ್ಗ ದಾಟಿದರೆ ಅರಸಾಳು. ಆರ್.ಕೆ. ನಾರಾಯಣ್ ಕಲ್ಪನೆಯ ಮಾಲ್ಗುಡಿಗೆ ಶಂಕ್ರಣ್ಣ ರೈಲು ನಿಲ್ಲಿಸಿದ್ದು ಇಲ್ಲೇ! ‘ಮಾಲ್ಗುಡಿ ಡೇಸ್’ ದೂರದರ್ಶನಕ್ಕೆ ಬಂದದ್ದು 1986ರಲ್ಲಿ. ಆ ಹಳೇ ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಅದಕ್ಕೆ ರೂಪ ಕೊಟ್ಟವರು ಅದೇ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್. ಕಥೆಯ ಊರಿಗೆ ನಿಜವಾದ ಬಾಗಿಲು!

ಅಪ್ಪನಿಗೆ ಫೋನ್ ಹಚ್ಚಿದೆ.

“ಎಲ್ಲಿದ್ದೀಯೋ?”

“ಮಾಲ್ಗುಡೀಲಿ, ಅಪ್ಪಾ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಶಂಕ್ರಣ್ಣ ಹೆಂಗವ್ರೆ?” ಅಂದ್ರು.

“ಚೆನ್ನಾಗವ್ರೆ” ಅಂದೆ. ಆನಗೋಡಿನಲ್ಲಿ ನಿಂತಿದ್ದನ್ನು ಹೇಳಲಿಲ್ಲ.