ಊರಿಗೆ ಹತ್ತಾರು ಬಸವರಾಜರು ಏಕೆ?

ಪ್ರಶ್ನೆ: ಉತ್ತರ ಕರ್ನಾಟಕದಲ್ಲಿ ಗಂಡುಮಕ್ಕಳಿಗೆ ಬಸವರಾಜ ಎಂಬ ಹೆಸರು ಇಷ್ಟೊಂದು ಬಳಕೆಗೆ ಬಂದದ್ದು ಹೇಗೆ?

ಉತ್ತರ: ಮುಖ್ಯ ಕಾರಣ 12ನೇ ಶತಮಾನದ ಬಸವಣ್ಣನವರು. ಬಾಗೇವಾಡಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು, ಶರಣ ಚಳವಳಿಯನ್ನು ಮುನ್ನಡೆಸಿದವರು. ಅವರ ಕಥೆಯನ್ನು ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಪುರಾಣ ಪ್ರವಚನಗಳು ಹೆಸರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ಎತ್ತನ್ನು ನಂಬಿ ಬದುಕಿದ ಒಕ್ಕಲು ಮನೆಗಳಲ್ಲಿ ನಂದಿಯೂ ಬಸವಣ್ಣನೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅದನ್ನು ತಲೆಮಾರು ದಾಟಿಸಿತು. ಬಸಪ್ಪ, ಬಸಯ್ಯ, ಬಸಲಿಂಗಪ್ಪ ಇದರ ಒಡಹುಟ್ಟುಗಳು. ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಗಾಯಕ ಬಸವರಾಜ ರಾಜಗುರು, ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, ಮೂವರೂ ಉತ್ತರ ಕರ್ನಾಟಕದವರೇ.